ಉಡಿ ತುಂಬಿದ ತಾಯಿ

2025ರ ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ ಹತ್ತೂಕಾಲಿಗೆ ಮರಾಠಿ ಸೀಮೆಯ ಉಮರ್ಗಾ ಠಾಣೆಗೆ ಬಂದ ದೂರು ಕೇಳಿ ಹವಾಲ್ದಾರ್ ಮಲ್ಲಣ್ಣನಿಗೆ ಮೊದಲು ಬಂದದ್ದು ನಗು.

"ಏನು ಕಳವಾಗ್ಯಾದ?"

"ನಮ್ಮ ದೇವಿ ಕಳವಾಗ್ಯಾಳ್ರಿ."

"ಬೆಳ್ಳಿ ಮೂರ್ತಿ ಏನು?"

"ಮೂರ್ತಿ ಅಲ್ರಿ, ಫೋಟೋ. ಕಾಗದದ್ದು."

"ಕಾಗದದ ದೇವರು ಬಜಾರದಾಗ ಬೇಕಾದಷ್ಟು ಸಿಗ್ತಾವಲ್ಲೋ ತಮ್ಮಾ. ಅದಕ್ಕ ಎಫ್‌ಐಆರ್ ಯಾಕ?"

ದೂರು ತಂದವನ ಹೆಸರು ರೇವಣಸಿದ್ಧ, ದಾಳಿಂಬ ಹಳ್ಳಿಯವನು. ಕುರಿ, ಹೊಲ ಎರಡೂ ಇರುವ ಮನೆ. ಹಣೆಯ ಮೇಲೆ ಬೀರಪ್ಪನ ಹಳದಿ ಭಂಡಾರ. ಅವನು ನಗಲಿಲ್ಲ. ಗಟ್ಟಿಮುಟ್ಟಾದ ಆಳು ಎಲ್ಲರೆದುರು ಕಣ್ಣೊರೆಸಿಕೊಂಡ. ಅದನ್ನು ಕಂಡು ಪೊಲೀಸ್ ನಿರೀಕ್ಷಕ ವೀರಭದ್ರ ಬಿರಾದಾರ ಅವನನ್ನು ಒಳಗೆ ಕರೆಸಿ ಚಹಾ ಹೇಳಿದರು. ಬಿರಾದಾರರು ನಿಲಂಗಾದ ಕಡೆಯವರು, ಮನೆಮಾತು ಕನ್ನಡ. ಸರಕಾರದ ಕಾಗದವನ್ನೆಲ್ಲ ಮರಾಠಿಯಲ್ಲಿ ಬರೆದು, ಬೈಗುಳವನ್ನು ಮಾತ್ರ ಕನ್ನಡಕ್ಕೆ ಮೀಸಲಿಟ್ಟ ಮನುಷ್ಯ.

ರೇವಣಸಿದ್ಧ ಹೇಳಿದ್ದಿಷ್ಟು. ಅವನ ಅಜ್ಜ ಗುರಣ್ಣ ಎರಡನೇ ಮಹಾಯುದ್ಧದ ಕಾಲಕ್ಕೆ ಫೌಜಿನಲ್ಲಿದ್ದವನು. ಯುದ್ಧ ಮುಗಿದ ಮೇಲೆ ಅವನ ಪಲಟಣವನ್ನು ಕಾವಲಿಗೆಂದು ಜಪಾನಿಗೆ ಕಳಿಸಿದ್ದರು. ತಿರುಗಿ ಬರುವಾಗ ಅಜ್ಜ ಟ್ರಂಕಿನ ತಳದಲ್ಲಿ ಒಂದು ಚಿತ್ರ ತಂದ. ಸಾಲು ಕಂಬಿಗಳ ಹಿಂದೆ ಕುಳಿತ ಹೆಣ್ಣು, ತಲೆಯ ಸುತ್ತ ಕಿರಣಗಳು, ಹೊಟ್ಟೆಯ ಮುಂದೆ ದೊಡ್ಡ ಗಂಟು, ಪಕ್ಕದಲ್ಲೊಂದು ಸಣ್ಣ ಕೂಸು. ಅಜ್ಜಿಗೆ ಬಸುರು ನಿಲ್ಲುತ್ತಿರಲಿಲ್ಲ. ಈ ಗಂಟು ಕಂಡಿದ್ದೇ ಅಜ್ಜಿ, ಇದು ತುಂಬಿದ ಉಡಿ, ಈಕೆ ಕೂಸು ಕೊಡುವ ತಾಯಿ ಎಂದು ಕೈಮುಗಿದಳಂತೆ. ಮರುವರ್ಷ ಗಂಡು ಹುಟ್ಟಿತು. ಅಂದಿನಿಂದ ಉಡಿ ತುಂಬಿದ ತಾಯಿ ಆ ಮನೆಯ ದೇವರಾದಳು.

"ಕಡೀಗಿ ಯಾವಾಗ ನೋಡೀರಿ?"

"ಮಂಗಳವಾರ ಮುಂಜಾನಿ ಪೂಜಿ ಆಗ್ಯಾದರಿ. ಮಂಗಳವಾರ, ಶುಕ್ರವಾರ ಬಿಟ್ರ ಪರದಾ ಸರಿಸಂಗಿಲ್ಲ. ಇವತ್ತ ಮುಂಜಾನಿ ಅವ್ವ ಪರದಾ ಸರಿಸ್ಯಾಳ, ಕಟ್ಟು ಅದ, ಗಾಜು ಅದ, ತಾಯಿ ಇಲ್ಲ."

"ಯಾರ ಮ್ಯಾಲರ ಸಂಶಯ?"

"ಇಲ್ರಿ. ಆದ್ರ ಗಡಬಡ ಅದರಿ ಸಾಹೇಬ್ರ. ಬರೋ ಶುಕ್ರವಾರ ನನ್ನ ತಮ್ಮ ಸಿದ್ದರಾಮನ ಲಗ್ನ. ಹೊಸಾ ಸೊಸಿಗಿ ತಾಯಿ ಮುಂದ ಉಡಿ ತುಂಬಬೇಕು. ತಾಯಿನಽ ಇಲ್ಲಂದ್ರ ಹ್ಯಾಂಗ?"

ಮೊಬೈಲಿನಲ್ಲಿದ್ದ ಫೋಟೋ ತೋರಿಸಿದ. ಅದರಲ್ಲಿ ಗಾಜಿನ ಹೊಳಪು, ಅದರ ಮೇಲೆ ದಶಕಗಳ ಕುಂಕುಮ ಅರಿಶಿನ, ಇಷ್ಟೇ ಕಂಡಿತು. ತಾಯಿಯ ಮುಖ ಎಲ್ಲಿದೆಯೆಂದು ಹುಡುಕಬೇಕಿತ್ತು. ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ, ವಾಸದ ಮನೆಯಲ್ಲಿ ಕಳವು ಎಂದು, ಗುನ್ನೆ ದಾಖಲಾಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಜೀಪು ದಾಳಿಂಬ ಮುಟ್ಟಿತು. ಬಿರಾದಾರ, ಮಲ್ಲಣ್ಣ, ಜತೆಗೆ ಮಹಿಳಾ ಪೊಲೀಸ್ ಸುಮಂಗಲಾ. ಮನೆಯ ಮುಂದಿನ ಎರಡು ಕುರಿನಾಯಿಗಳನ್ನು ಕಟ್ಟುವ ತನಕ ಕಾನೂನು ಜೀಪಿನಲ್ಲೇ ಕುಳಿತಿರಬೇಕಾಯಿತು. ಹೊರಗಿನವನು ರಾತ್ರಿ ಒಳನುಗ್ಗಿದ್ದರೆ ಅವನ ಚಡ್ಡಿಯ ಚೂರಾದರೂ ಅಂಗಳದಲ್ಲಿ ಸಿಗುತ್ತಿತ್ತು ಎಂದು ಮಲ್ಲಣ್ಣ ಅಲ್ಲಿಯೇ ತೀರ್ಮಾನ ಕೊಟ್ಟ.

ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ದೇವರಮನೆಗೆ ಒಂದೇ ಬಾಗಿಲು, ಚಿಲಕಕ್ಕೆ ಗಾಯವಿಲ್ಲ. ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಚಿತ್ರದ ಬದಲು ಬರೀ ಹಿಂದಿನ ರಟ್ಟು. ರಟ್ಟು ಹಿಡಿದಿದ್ದ ಮೊಳೆಗಳನ್ನು ಯಾರೋ ಒಂದೊಂದಾಗಿ ಕಿತ್ತು, ದೀಪದ ಪಕ್ಕ ಸಾಲಾಗಿ ಇಟ್ಟಿದ್ದರು. ಗಾಜಿನ ಮೇಲಿನ ಕುಂಕುಮವೂ ಉದುರಿರಲಿಲ್ಲ. ಕಳ್ಳನಿಗೆ ಅವಸರವಿರಲಿಲ್ಲ, ದೇವರ ಮೇಲೆ ಸಿಟ್ಟೂ ಇರಲಿಲ್ಲ.

"ಮನಿಯೊಳಗಿನ ಕೈ," ಎಂದರು ಬಿರಾದಾರ, ಮೆಲ್ಲಗೆ.

ಪಡಸಾಲೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಒಳಗಿನಿಂದ ಮನೆಯ ಸೊಸೆ ಸುವರ್ಣಾ, ರೇವಣಸಿದ್ಧನ ಹೆಂಡತಿ, ತಂಬಿಗೆ ನೀರು ತಂದಳು. ಹೊಸ್ತಿಲ ತನಕ ಬಂದು ನಿಂತಳು. ಕೈಯನ್ನು ಮಾತ್ರ ಹೊರಗೆ ಚಾಚಿದಳು. ಬಿರಾದಾರರು ಕುಳಿತದ್ದು ನಾಲ್ಕು ಹೆಜ್ಜೆ ಆಚೆ. ಅವಳು ಬರಲಿಲ್ಲ. ಕಡೆಗೆ ಸುಮಂಗಲಾ ಎದ್ದು ಹೋಗಿ ತಂಬಿಗೆ ಇಸಿದುಕೊಂಡಳು.

"ಯಾಕವ್ವಾ, ಹೊರಗ ಬರಂಗಿಲ್ಲೇನು?"

ಉತ್ತರ ಕೊಟ್ಟವಳು ಅತ್ತೆ ಮಾಣಿಕಮ್ಮ. ಅರವತ್ತು ದಾಟಿದ ಹೆಂಗಸು, ಹಣೆಯ ಮೇಲೆ ಕುಂಕುಮವಿಲ್ಲ, ಭಂಡಾರವಿದೆ.

"ನಮ್ಮ ಮನಿ ಕಟ್ಟಳಿ ಅದರಿ ಸಾಹೇಬ್ರ. ಸೊಸಿ ಬಂದ ದಿನ ತಾಯಿ ಮುಂದ ಉಡಿ ತುಂಬತೀವಿ. ಕೂಸು ಹುಟ್ಟೂತನಾ ಆಕಿ ಹೊಸ್ತಲಾ ದಾಟಬಾರದು. ತಾಯಿ ಹ್ಯಾಂಗ ಕಂಬಿ ಹಿಂದ ಕುಂತಾಳ, ಹಂಗ ಕುಂತ್ರ ತಾಯಿ ಒಲಿತಾಳ."

"ಎಷ್ಟು ವರ್ಷ ಆತು?"

"ಈಕಿಗಿ ನಾಲ್ಕು. ನನಗ ಒಂಬತ್ತು ಆಗಿತ್ತರಿ, ಇಂವಾ ಹುಟ್ಟೂತನಾ." ಮಗನ ಕಡೆ ಕೈ ತೋರಿಸಿದಳು. "ಒಂಬತ್ತು ವರ್ಷ ನಾ ಮಳಿ ನೋಡಿದ್ದು ಈ ಕಿಡಕಿಯಿಂದ. ನಮ್ಮವ್ವ ಸತ್ತಾಗೂ ಹೋಗಲಿಲ್ಲ. ತಾಯಿ ಕೈ ಬಿಡಲಿಲ್ಲ ನೋಡ್ರಿ."

ಹೆಮ್ಮೆಯಿಂದಲೇ ಹೇಳಿದಳು. ಆದರೆ ಹೇಳುವಾಗ ಕಿಟಕಿಯ ಕಡೆ ನೋಡಲಿಲ್ಲ.

ಮಂಗಳವಾರದಿಂದ ಶುಕ್ರವಾರದ ತನಕ ಮನೆಗೆ ಬಂದು ಹೋದವರನ್ನು ವಿಚಾರಿಸಿದರು. ಟ್ರ್ಯಾಕ್ಟರಿನವನು ಅಂಗಳ ದಾಟಿ ಒಳಗೆ ಬಂದಿಲ್ಲ. ಮಂಗಳವಾರ ಮಧ್ಯಾಹ್ನ ಸುವರ್ಣಾಳ ಚಿಕ್ಕಮ್ಮ ಗಿರಿಜಾಬಾಯಿ ಲಗ್ನದ ಸೀರೆ ಕೊಡಲು ಉದಗೀರದಿಂದ ಬಂದಿದ್ದಳು. ಉಂಡು, ಉಡಿ ತುಂಬಿಸಿಕೊಂಡು ಹೋದಳು. ಕೈಯಲ್ಲಿ ಚೀಲ?

"ಇದ್ದಿಲ್ರಿ," ಎಂದಳು ಮಾಣಿಕಮ್ಮ. "ಬರಿಗೈಲೆ ಹೋದಳು."

ಮತ್ತೊಬ್ಬರಿದ್ದರು. ಉದಗೀರದ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವ ಗುರುಲಿಂಗ ಸರ್. ದೀಪಾವಳಿಯ ಹೊತ್ತಿಗೆ ಕಂಬಳಿ ಅಂಚಿನ ನಮೂನೆ ನೋಡಲು ಬಂದವರು, ಪೂಜೆಯ ವೇಳೆಗೆ ತಾಯಿಯನ್ನು ಕಂಡು ದಂಗಾಗಿ ನಿಂತರಂತೆ. ಫೋಟೋ ಹೊಡೆದುಕೊಂಡರಂತೆ.

ಬಿರಾದಾರರ ಕಿವಿ ನೆಟ್ಟಗಾಯಿತು.

ಹೊರಡುವಾಗ ಮಾಣಿಕಮ್ಮ ಸುಮಂಗಲಾಳನ್ನು ತಡೆದಳು. ಶುಕ್ರವಾರ ಬಂದ ಮುತ್ತೈದೆ ಬರಿಮಡಿಲಲ್ಲಿ ಹೋಗಬಾರದು, ತಾಯಿ ಇಲ್ಲದಿದ್ದರೂ ತಾಯಿಯ ಗೋಡೆ ಇದೆ. ಖಾಕಿ ಪ್ಯಾಂಟಿಗೆ ಸೆರಗು ಎಲ್ಲಿಂದ ಬರಬೇಕು? ಸುಮಂಗಲಾ ದೊಡ್ಡ ಕರವಸ್ತ್ರ ಬಿಚ್ಚಿ ಒಡ್ಡಿದಳು. ಮಾಣಿಕಮ್ಮ ವಿಧವೆ, ಆದ್ದರಿಂದ ಉಡಿ ತುಂಬಿದ್ದು ಸುವರ್ಣಾ. ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು, ಮಡಿಸಿದ ಕುಪ್ಪಸದ ಖಣ.

"ಹೋಗುವಾಗ ತಿರುಗಿ ನೋಡಬ್ಯಾಡ್ರಿ," ಎಂದಳು ಸುವರ್ಣಾ. ಅವರು ಕೇಳಿದ ಅವಳ ಮೊದಲ ಮಾತು ಅದೇ. "ಮನಿಗಿ ಹೋಗಿ ನಿಮ್ಮ ದೇವರ ಮುಂದ ಬಿಚ್ಚರಿ. ನಡುವ ಬಿಚ್ಚಬಾರದು."

ಜೀಪಿನಲ್ಲಿ ಮಲ್ಲಣ್ಣ ತೆಂಗಿನಕಾಯಿಗೆ ಕೈ ಹಾಕಿದ. ಸುಮಂಗಲಾ ಕೈಗೆ ಫಟ್ಟನೆ ಬಡಿದಳು.

ಫೆಬ್ರವರಿ 8, ಶನಿವಾರ. ಉದಗೀರ ಕೋಟೆಯ ಹಿಂಬದಿಯ ಓಣಿಯಲ್ಲಿ ಗುರುಲಿಂಗ ಸರ್ ಮನೆ. ಮಂಗಳವಾರದಿಂದ ಶುಕ್ರವಾರದವರೆಗೆ ಅವರು ಪರೀಕ್ಷೆಯ ಕೆಲಸಕ್ಕೆ ಲಾತೂರಿನಲ್ಲಿದ್ದರು. ಲಾಡ್ಜಿನ ರಸೀದಿ, ಜತೆಗಿದ್ದವರ ಹೇಳಿಕೆ ಎರಡೂ ಸರಿಯಿದ್ದವು. ಹಾಗಂತ ಬಿರಾದಾರ ಎದ್ದು ಹೋಗಲಿಲ್ಲ.

"ಆ ಚಿತ್ರ ಏನದು, ಸರ್?"

ಗುರುಲಿಂಗ ಬಾಗಿಲು ಮುಂದೆ ಮಾಡಿ ಬಂದು ಕುಳಿತರು. "ಮರದ ಅಚ್ಚಿನಿಂದ ಒತ್ತಿದ್ದು. ಎರಡು ನೂರು ವರ್ಷ ಹಳೇದಿರಬೇಕು. ಅದು ದೇವಿ ಅಲ್ರಿ. ಆಕಿ ಗಣಿಕೆ."

ಮಲ್ಲಣ್ಣ ಬರೆಯುವುದನ್ನು ನಿಲ್ಲಿಸಿದ.

"ಆಗ ಜಪಾನಿನಾಗ ಸೇನಾಪತಿಗಳ ರಾಜ್ಯ. ಈಗಿನ ಟೋಕಿಯೋ ಊರಿನ ಅಂಚಿಗೆ ಯೋಶಿವಾರಾ ಅಂತ ಒಂದು ಪೇಟೆ ಇತ್ತು. ಸುತ್ತ ಗೋಡೆ, ಕಂದಕ, ಹೋಗಿಬರ್ಲಿಕ್ಕೆ ಒಂದಽ ದೊಡ್ಡ ಬಾಗಿಲು. ಏಳೆಂಟು ವರ್ಷದ ಹೆಣ್ಣುಮಕ್ಕಳನ್ನ ಅಲ್ಲಿ ಮಾರತಿದ್ರು. ಸಂಜಿ ಆತಂದ್ರ ಅಲಂಕಾರ ಮಾಡಿ ಕಂಬಿ ಹಿಂದ ಸಾಲಾಗಿ ಕುಂಡ್ರಿಸೋರು, ಹಾದಿಯಿಂದ ಗಿರಾಕಿ ನೋಡಿ ಆರಿಸ್ಲಿ ಅಂತ. ಅದೇ ಕಂಬಿ ಅದು."

"ತಲಿ ಸುತ್ತ ಕಿರಣ?"

"ಕೂದಲಿಗಿ ಸಿಗಿಸೋ ಕಡ್ಡಿಗಳು. ದೊಡ್ಡ ದರ್ಜೆಯಾಕಿಗಿ ಜಾಸ್ತಿ."

"ಉಡಿ?"

ಗುರುಲಿಂಗ ತಲೆ ತಗ್ಗಿಸಿದರು. "ಸೊಂಟದ ಪಟ್ಟಿ. ಸಂಸಾರಸ್ಥರು ಬೆನ್ನಿಗಿ ಗಂಟು ಹಾಕ್ಕೋಳೋರು. ಈ ಹೆಂಗಸರು ಮುಂದ. ಚಿತ್ರದಾಗ ಮುಂದ ಗಂಟು ಕಂಡ್ರ ಆಕಿ ಯಾರಂತ ನೋಡಿದವರಿಗಿ ಗೊತ್ತಾಗಲಿ ಅಂತ."

"ಪಕ್ಕದ ಕೂಸು?"

"ಆಕಿ ಹಡದದ್ದಲ್ಲ. ಅದೂ ಕೊಂಡು ತಂದ ಹುಡುಗಿ. ದೊಡ್ಡಾಕಿ ಸೇವಾ ಮಾಡಕೋತ ಕಸುಬು ಕಲಿಬೇಕು."

ಮಾತು ಮುಂದುವರಿಸಿ ಅವರು ತಮ್ಮ ವಿಷಯಕ್ಕೆ ಬಂದರು. ಇಂಥ ಚಿತ್ರಗಳನ್ನು ಆಗ ಸಾವಿರಗಟ್ಟಲೆ ಅಚ್ಚು ಹಾಕುತ್ತಿದ್ದರು. ಆ ಪೇಟೆಯೊಳಗೆ ಕಾಲಿಡಲು ತಾಕತ್ತಿಲ್ಲದವರೂ ಚಿತ್ರ ಕೊಂಡು ಗೋಡೆಗೆ ಅಂಟಿಸುತ್ತಿದ್ದರು. ಹೊಸ ಉಡುಪಿನ ನಮೂನೆ ನೋಡಲು ಮನೆಯ ಹೆಂಗಸರೂ ಕೊಳ್ಳುತ್ತಿದ್ದರು. ಕಲಾವಿದರು ಬಟ್ಟೆಯ ಎಳೆ ಎಳೆ ಬಿಡದೆ ಕೆತ್ತಿಸಿದರು, ಮುಖವನ್ನು ಮಾತ್ರ ಬಹಳ ಮಟ್ಟಿಗೆ ಒಂದೇ ಎರಕದಲ್ಲಿ ಬರೆದರು. ಕಾಯಿಲೆ, ಸಾಲ, ಇಪ್ಪತ್ತರ ಹರೆಯದಲ್ಲೇ ಸಾಯುತ್ತಿದ್ದ ಹುಡುಗಿಯರು ಆ ಚಿತ್ರಗಳೊಳಗೆ ಬರಲಿಲ್ಲ.

"ಇದನ್ನ ಆ ಮನಿಯವರಿಗಿ ಹೇಳೀರೇನು?"

"ಹ್ಯಾಂಗ ಹೇಳಲ್ರಿ? ಆ ಮುದುಕಿ ಸಾಷ್ಟಾಂಗ ಬಿದ್ದಿದ್ದಳು. ನನ್ನ ನಾಲಿಗಿ ಏಳಲಿಲ್ಲ."

"ಯಾರಿಗೂ ಹೇಳಿಲ್ಲ?"

"ಆ ಸೊಸಿಗಿ ಗೊತ್ತದ. ಚಹಾ ಕೊಡುವಾಗ, ಮೂಲ್ಯಾಗಿನ ಅಕ್ಷರ ಯಾವುದಂತ ಕೇಳಿದ್ಳು. ಆಕಿ ಲಗ್ನದಕಿಂತ ಮೊದಲು ಭಾಲ್ಕಿಯಾಗ ಡ್ರಾಯಿಂಗ್ ಕಲಿತಾಕಿ. ಆಮ್ಯಾಲ ಫೋನ್ ಮಾಡಿ ಮಾಡಿ ಕೇಳಿದ್ಳು. ಸುಳ್ಳು ಹೇಳಲಿಕ್ಕಾಗಲಿಲ್ಲ. ಕಡೀಗೊಮ್ಮೆ, ಅವರು ಹೊರಗ ಹೋಗಬಹುದಿತ್ತೇನ್ರಿ ಸರ್ ಅಂತ ಕೇಳಿದ್ಳು. ಪರವಾನಗಿ ಇಲ್ಲದ ಇಲ್ಲ ಅಂದೆ. ಫೋನ್ ಇಟ್ಟಳು."

ತಿರುಗಿ ಬರುವ ದಾರಿಯಲ್ಲಿ ನಿಲಂಗಾ. ಹೊಸ ಸೊಸೆಯಾಗಲಿರುವ ವೈಷ್ಣವಿಯ ಮನೆ ಅಲ್ಲಿಯೇ. ಬೀಗರ ಮನೆಯ ಮೇಲೆ ಯಾರಿಗಾದರೂ ದ್ವೇಷವಿದೆಯೇ ಎಂದು ಕೇಳುವ ನೆಪದಲ್ಲಿ ಬಿರಾದಾರ ಜೀಪು ನಿಲ್ಲಿಸಿದರು. ಹುಡುಗಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ತಂದೆ ಚಹಾ ತರಲು ಒಳಗೆ ಹೋದಾಗ ಅವಳೇ ಕೇಳಿದಳು.

"ಸಾಹೇಬ್ರ, ಆ ಫೋಟೋ ಸಿಕ್ರ ಏನ್ ಮಾಡತೀರಿ?"

"ಯಾರದದ ಅವರಿಗಿ ಕೊಡತೀವಿ. ಕಾಯ್ದಾ ಅದೇ ಅದ."

"ಸಿಗದಿದ್ರ?"

"ಸಿಗತದ."

ಹುಡುಗಿಯ ಮುಖ ಸಪ್ಪಗಾಯಿತು. "ಪರೀಕ್ಷಾ ಮೇ ತಿಂಗಳದಾಗ ಅದರಿ," ಎಂದಳು.

ಬಿರಾದಾರರು ಆ ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಕಳವು ಪತ್ತೆ ಹಚ್ಚಿದರೆ ಚಿತ್ರ ಗೋಡೆಗೆ ಹೋಗುತ್ತದೆ, ಈ ಹುಡುಗಿ ಹೊಸ್ತಿಲ ಒಳಗೆ. ಹಚ್ಚದಿದ್ದರೆ ತಾನು ಯಾವ ಸೀಮೆಯ ಪೊಲೀಸ್? ಅತ್ತ ದರಿ, ಇತ್ತ ಪುಲಿ. ನೌಕರಿಗೆ ಸೇರಿದಂದಿನಿಂದ ಕಳ್ಳರು ಸಿಕ್ಕಿಬೀಳುವುದನ್ನು ನೋಡಿದ್ದರು. ಪೊಲೀಸನೇ ಸಿಕ್ಕಿಬೀಳುವುದು ಇದೇ ಮೊದಲು.

ಸುವರ್ಣಾ ತೆಗೆದಳು ಎನ್ನುವುದು ಹೆಚ್ಚುಕಡಿಮೆ ಸ್ಪಷ್ಟವಿತ್ತು. ಆದರೆ ಚಿತ್ರ ಎಲ್ಲಿ? ಮನೆಯನ್ನು ಅಟ್ಟದಿಂದ ಹಗೇವಿನವರೆಗೆ ಜಾಲಾಡಿದ್ದರು. ಹೊಸ್ತಿಲು ದಾಟದ ಹೆಂಗಸು ಅದನ್ನು ಹೊರಗೆ ಹೇಗೆ ಸಾಗಿಸಿದಳು?

ಭಾನುವಾರ ಮಧ್ಯಾಹ್ನ ಠಾಣೆಯಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಉತ್ತರ ಸಿಕ್ಕಿತು. ಸುಮಂಗಲಾ ಚಟ್ನಿ ತಂದಿದ್ದಳು.

"ಇದು ಆ ಕಾಯಿ ಏನು?" ಎಂದ ಮಲ್ಲಣ್ಣ, ಇನ್ನೂ ಮುನಿಸಿನಲ್ಲಿ.

"ಹೌದ್ರಿ. ದೇವರ ಮುಂದ ಬಿಚ್ಚಿದ ಮ್ಯಾಲ ತಿನ್ನಬಹುದು. ನಡುವ ಬಿಚ್ಚಿದ್ರ ಆಗಂಗಿಲ್ಲ."

ಬಿರಾದಾರರ ಕೈ ಬಾಯಿಯ ಹತ್ತಿರ ನಿಂತಿತು. "ಸುಮಂಗಲಾ, ಕಳವಾದ ಮನಿಯಿಂದ ನಾವಽ ಒಂದು ಗಂಟು ಹೊತ್ಕೊಂಡು ಬಂದೀವಿ. ಬಿಚ್ಚಿ ನೋಡೀವೇನು?"

ಯಾರೂ ನೋಡಿರಲಿಲ್ಲ. ಪಂಚರು ನೋಡಿರಲಿಲ್ಲ, ಮೂವರು ಪೊಲೀಸರೂ ನೋಡಿರಲಿಲ್ಲ. ಮನೆಯವರಂತೂ ನೋಡುವ ಮಾತೇ ಇಲ್ಲ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಈ ಸೀಮೆಯ ಯಾವ ಗಂಡಸೂ ತುಂಬಿದ ಉಡಿಗೆ ಕೈ ಹಾಕುವುದಿಲ್ಲ. ಗಿರಿಜಾಬಾಯಿ ಬರಿಗೈಲೆ ಹೋದಳು ಅಂದಿದ್ದಳಲ್ಲ ಮಾಣಿಕಮ್ಮ! ಉಡಿಯನ್ನು ಅವಳು ಸಾಮಾನು ಎಂದು ಎಣಿಸಿಯೇ ಇರಲಿಲ್ಲ.

ಫೆಬ್ರವರಿ 10, ಸೋಮವಾರ. ಉದಗೀರದ ಧಾನ್ಯದ ಮಾರುಕಟ್ಟೆಯ ಬದಿಗೆ ಗಿರಿಜಾಬಾಯಿಯ ಮನೆ. ಅವಳು ಸುಳ್ಳು ಹೇಳಲು ಪ್ರಯತ್ನವನ್ನೂ ಮಾಡಲಿಲ್ಲ.

"ಉಡಿ ತುಂಬುವಾಗ ಸುವರ್ಣಾ ಕಿವ್ಯಾಗ ಹೇಳಿದ್ಳರಿ. ಮೌಶಿ, ನಿನ್ನ ದೇವರ ಮುಂದ ಬಿಚ್ಚು, ಖಣದೊಳಗಿಂದು ಯಾರಿಗೂ ತೋರಿಸಬ್ಯಾಡ ಅಂತ. ನೋಡಿ ಎದಿ ಧಸಕ್ಕಂತು. ಆದ್ರ ಉಡಿಯಾಗ ಬಂದದ್ದು ತಿರುಗಿ ಕಳಸಬಾರದಲ್ರಿ."

ದೇವರ ಹಲಗೆಯ ಹಿಂದಿನಿಂದ ಹಸಿರು ಖಣದ ಸುರುಳಿ ಹೊರಬಂತು. ಜಪ್ತಿ ಪಂಚನಾಮೆ ಬರೆಯುವ ಮುಂಚೆ ಬಿರಾದಾರ ಚಿತ್ರವನ್ನು ಹೊರಸಿನ ಮೇಲೆ ಬಿಡಿಸಿಟ್ಟು ನೋಡಿದರು. ಗಾಜಿಲ್ಲ, ಕುಂಕುಮವಿಲ್ಲ. ಕಂಬಿಗಳು ಕಪ್ಪಗೆ, ನೆಟ್ಟಗೆ. ಬಟ್ಟೆಯ ಮೇಲೆ ಅಲೆ, ಹೂವು, ಹಕ್ಕಿ. ಅಷ್ಟೆಲ್ಲ ಸಿಂಗಾರದ ತುದಿಯಲ್ಲಿ ಎರಡು ಬರಿಗಾಲು, ಚಳಿಗೆ ಮುದುಡಿದ ಹಾಗೆ ಒಂದರ ಮೇಲೊಂದು. ಕಣ್ಣು ನೋಡುವವರ ಕಡೆ ಇರಲಿಲ್ಲ, ಪಕ್ಕಕ್ಕೆಲ್ಲೋ ಇತ್ತು. ಸುಂದರವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಸುಂದರವಾಗಿದ್ದಕ್ಕೇ ಬಿರಾದಾರರಿಗೆ ಬೇಸರವಾಯಿತು.

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ದಾಳಿಂಬ. ಅತ್ತೆ ಹಿತ್ತಲಲ್ಲಿದ್ದಳು, ಗಂಡಸರು ಹೊಲಕ್ಕೆ ಹೋಗಿದ್ದರು. ಸುವರ್ಣಾ ಹೊಸ್ತಿಲ ಒಳಗೆ ನಿಂತಿದ್ದಳು. ಸುಮಂಗಲಾಳ ಕೈಯಲ್ಲಿದ್ದ ಹಸಿರು ಖಣ ಕಂಡಿದ್ದೇ ಅವಳಿಗೆ ಗೊತ್ತಾಯಿತು.

"ನಾನಽ ತೆಗದೀನ್ರಿ," ಎಂದಳು. "ಮೌಶಿಗಿ ಏನೂ ಗೊತ್ತಿಲ್ಲ."

"ಮಾರಬೇಕಂತ ಮಾಡಿದ್ಯಾ?"

"ಅದು ಮಾರಿ ಮಾರಿ ಬಂದದ್ದಽ ಅದರಿ. ಮತ್ತ ಮಾರಲ್ಯಾ?"

"ಮತ್ಯಾಕ?"

"ವೈಷ್ಣವಿ ಬರೂದರೊಳಗ ಆ ಗೋಡಿ ಖಾಲಿ ಆಗಬೇಕಿತ್ತು. ತಾಯಿ ತಾನಾಗಿ ಹೋದಳು ಅಂದ್ಕೊಂಡ್ರ ಕಟ್ಟಳಿನೂ ಹೋಗತಿತ್ತು."

"ಖರೇ ಏನದ ಅಂತ ಅವರಿಗಿ ಹೇಳಬಹುದಿತ್ತಲ್ಲ?"

ಸುವರ್ಣಾ ಹಿತ್ತಲ ಕಡೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಅತ್ತಿ ಒಂಬತ್ತು ವರ್ಷ ಕುಂತಾಳ್ರಿ. ಅವ್ವ ಸತ್ರೂ ಹೋಗಿಲ್ಲ. ಯಾರ ಮುಂದ ಕುಂತಿದ್ದಿ ಅಂತ ನಾ ಹ್ಯಾಂಗ ಹೇಳಲಿ? ಆ ವಯಸ್ಸು ಆಕಿಗಿ ಯಾರು ತಿರುಗಿ ಕೊಡಬೇಕು? ಕೈ ಮುಗಿತೀನಿ, ನೀವೂ ಹೇಳಬ್ಯಾಡ್ರಿ."

ಬಿರಾದಾರ ಸ್ವಲ್ಪ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ನಿನ್ನ ಕೂಡಿಹಾಕ್ಯಾರ ಅಂತ ನೀ ದೂರು ಕೊಡಬಹುದು. ಅದಕ್ಕೂ ಕಲಂ ಅದ."

"ಯಾರ ಮ್ಯಾಲ ಕೊಡಲ್ರಿ? ಬಾಗಲಾ ಯಾರೂ ಹಾಕಿಲ್ಲ. ನಾಲ್ಕು ವರ್ಷ ತೆರದಽ ಅದ. ನನ್ನ ಗಂಡ ಒಂದ್ ದಿನ ಕೈ ಎತ್ತಿಲ್ಲ, ಅತ್ತಿ ಒಂದ್ ದಿನ ಉಪವಾಸ ಹಾಕಿಲ್ಲ. ಕೀಲಿ ಇದ್ದಿದ್ರ ಮುರಿತಿದ್ದೆ."

ಸುಮಂಗಲಾ ಬಂಧನದ ಕಾಗದ ಓದಿ ಹೇಳಿದಳು. ಆ ಮೇಲೆ ಕೈ ಚಾಚಿದಳು. ಸುವರ್ಣಾ ಹೊಸ್ತಿಲನ್ನು ನೋಡಿದಳು.

"ಒಳಗ ಬರುವಾಗ ಬಲಗಾಲು ಇಡು ಅಂದಿದ್ರು," ಎಂದಳು. "ಹೊರಗ ಹೋಗುವಾಗ ಯಾವ ಕಾಲಂತ ಯಾರೂ ಹೇಳಿಲ್ರಿ."

ಸುಮಂಗಲಾಳಿಗೂ ಅದು ಗೊತ್ತಿರಲಿಲ್ಲ. ಕಡೆಗೆ ಸುವರ್ಣಾ ಕಣ್ಣು ಮುಚ್ಚಿ, ಯಾವುದೋ ಒಂದು ಕಾಲಿಟ್ಟು ದಾಟಿದಳು. ಬಿಸಿಲಿಗೆ ಕಣ್ಣು ಕಿರಿದಾದವು. ಜೀಪಿನ ತನಕ ಗೋಡೆ ಹಿಡಿದು ನಡೆದಳು, ಹೊಸ ಊರಿಗೆ ಬಂದವರಂತೆ ಒಂದೊಂದು ಮನೆಯನ್ನೂ ನೋಡುತ್ತ.

ಮಧ್ಯಾಹ್ನ ಎರಡು ಗಂಟೆಗೆ ಠಾಣೆಯಲ್ಲಿ ಗುರುತು ಪಂಚನಾಮೆ. ಸಿಕ್ಕ ವಸ್ತು ಕಳವಾದ ವಸ್ತುವೇ ಎಂದು ಮನೆಯವರು ಹೇಳಬೇಕು. ನಲವತ್ತೈದು ವರ್ಷ ಪೂಜೆ ಮಾಡಿದವಳು ಮಾಣಿಕಮ್ಮ, ಆದ್ದರಿಂದ ಅವಳ ಹೇಳಿಕೆಯೇ ಮುಖ್ಯ. ಮಗ ರೇವಣಸಿದ್ಧನ ಜತೆ ಶೇರ್ ಆಟೋದಲ್ಲಿ ಬಂದಳು. ತಾಯಿ ಸಿಕ್ಕಳೆಂದು ಸ್ವಾಗತಕ್ಕೆ ಬುಟ್ಟಿಯಲ್ಲಿ ಅಕ್ಕಿ, ಕಾಯಿ, ಹೊಸ ಖಣ ಇಟ್ಟುಕೊಂಡಿದ್ದಳು. ಬೆಂಚಿನ ಮೇಲೆ ಕುಳಿತ ಸೊಸೆಯನ್ನು ನೋಡಿಯೂ ನೋಡದ ಹಾಗೆ ಒಳಗೆ ಬಂದಳು. ರೇವಣಸಿದ್ಧ ಹೆಂಡತಿಯ ಎದುರು ನಿಂತು, "ಯಾಕ ಹಿಂಗ ಮಾಡಿದಿ?" ಎಂದ.

ಬಿರಾದಾರ ಚಿತ್ರವನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ಪೇಪರ್‌ವೇಟ್ ಇಟ್ಟರು.

"ನೋಡ್ರಿ ಅಮ್ಮಾ. ನಿಮ್ಮದಽ ಏನು?"

ಮಾಣಿಕಮ್ಮ ಕೈಮುಗಿದು ಬಗ್ಗಿದವಳು ಅರ್ಧಕ್ಕೆ ನಿಂತಳು. ಅವಳು ಮದುವೆಯಾಗಿ ಬಂದಾಗಲೇ ಗಾಜಿನ ಮೇಲೆ ಕುಂಕುಮ ಹತ್ತಿತ್ತು. ಆ ಮುಖವನ್ನು ಅವಳು ಕಾಣುತ್ತಿರುವುದು ಇದೇ ಮೊದಲು. ಬೆರಳಿನಿಂದ ಕಂಬಿಗಳನ್ನು ಒಂದೊಂದಾಗಿ ಮುಟ್ಟಿದಳು. ಬರಿಗಾಲು ಮುಟ್ಟಿದಳು. ಪಕ್ಕದ ಕೂಸಿನ ಬಗ್ಗಿದ ತಲೆಯ ಮೇಲೆ ಬೆರಳು ಬಹಳ ಹೊತ್ತು ನಿಂತಿತು.

"ಎಷ್ಟು ಸಣ್ಣ ಹುಡುಗಿ," ಎಂದಳು.

"ಏನಂದ್ರಿ?"

"ಈಕಿ ತಾನಾಗಿ ಕುಂತಿಲ್ರಿ. ಈಕಿನ್ನ ಕುಂಡ್ರಿಸ್ಯಾರ." ತಲೆ ಎತ್ತಲಿಲ್ಲ. "ಕುಂಡ್ರಿಸಿದಾಕಿ ಹ್ಯಾಂಗ ಕುಂಡ್ರತಾಳ ನನಗ ಗೊತ್ತದ. ನೋಡವರ ಕಡೆ ನೋಡಂಗಿಲ್ಲ. ಕಿಡಕಿ ಎಲ್ಲಿ ಅದ, ಅಲ್ಲಿ ನೋಡತಾಳ."

ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಬಿರಾದಾರ ಹೇಳಿರಲಿಲ್ಲ. ಬೆಂಚಿನ ಮೇಲಿದ್ದ ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಣಿಕಮ್ಮ ತಿರುಗಿ ಅವಳನ್ನು ನೋಡಿದಳು.

"ಅಮ್ಮಾ, ಬರಕೋಬೇಕು. ಇದು ನಿಮ್ಮದಽ ಏನು?"

"ಅಲ್ಲ."

"ಅವ್ವಾ!" ಎಂದ ರೇವಣಸಿದ್ಧ.

"ನಲವತ್ತೈದು ವರ್ಷ ಪೂಜಿ ಮಾಡಿದಾಕಿ ನೀನೋ ನಾನೋ?" ಮಾಣಿಕಮ್ಮನ ದನಿ ಠಾಣೆಯ ತುಂಬ ಕೇಳಿಸಿತು. "ನಮ್ಮ ತಾಯಿ ಬ್ಯಾರೆ. ಇದು ಯಾರದೋ ಮನಿ ಹೆಣ್ಣುಮಗಳು. ಬರಕೋರಿ ಸಾಹೇಬ್ರ. ನಮ್ಮದಲ್ಲ."

ರೇವಣಸಿದ್ಧನ ಮೊಬೈಲಿನ ಫೋಟೋದಲ್ಲಿ ಬರೀ ಕುಂಕುಮವಿತ್ತು. ಗುರುಲಿಂಗ ಸರ್ ಮೊಬೈಲಿನಲ್ಲಿ, ಕುಂಕುಮದ ಸಂದಿಗೆ ಹತ್ತಿರ ಹಿಡಿದು ತೆಗೆದ, ಮೂಲೆಯ ಅಕ್ಷರ ಕಾಣುವಂಥದ್ದೊಂದು ಇತ್ತು. ಅದನ್ನು ಯಾರೂ ಕೇಳಲಿಲ್ಲ, ಬಿರಾದಾರ ಯಾರಿಗೂ ನೆನಪು ಮಾಡಲಿಲ್ಲ. ಮಲ್ಲಣ್ಣನಂಥ ಬಾಯಿಬಡುಕನೂ ಫ್ಯಾನು ನೋಡುತ್ತ ಕುಳಿತ. ಜಪ್ತಿ ಮಾಡಿದ ವಸ್ತು ಕಳವಾದ ವಸ್ತುವಲ್ಲವೆಂದು ಫಿರ್ಯಾದಿಯ ತಾಯಿ ಹೇಳಿದ್ದಾಳೆಂದು ಬರೆದಾಯಿತು, ಹೆಬ್ಬೆಟ್ಟು ಒತ್ತಿಸಿಕೊಂಡಾಯಿತು. ಪುರಾವೆ ಸಾಲದ ಆರೋಪಿಯನ್ನು ಮುಚ್ಚಳಿಕೆಯ ಮೇಲೆ ಬಿಡುವ ಕಲಂ ಒಂದಿದೆ. ಇಷ್ಟು ಸಂತೋಷದಿಂದ ಬಿರಾದಾರ ಅದನ್ನು ಎಂದೂ ಬರೆದಿರಲಿಲ್ಲ.

ಸುವರ್ಣಾ ಸಹಿ ಹಾಕಿ ಎದ್ದು ನಿಂತಳು. ಎಲ್ಲಿಗೆ ಹೋಗಬೇಕೆಂದು ಅವಳಿಗೆ ತಿಳಿಯದು ಎನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಮಾಣಿಕಮ್ಮ ಬುಟ್ಟಿ ತೆಗೆದುಕೊಂಡು ಅವಳ ಮುಂದೆ ಬಂದಳು.

"ಸೆರಗು ಒಡ್ಡು."

"ಅವ್ವಾ, ನೀ ವಿಧವಾ—" ಎಂದು ಮಗ ಬಾಯಿ ತೆರೆದ.

"ಸುಮ್ಮನಿರೋ."

ಅಕ್ಕಿ ಹಾಕಿದಳು, ಕಾಯಿ ಹಾಕಿದಳು. ದೇವಿಗೆಂದು ತಂದ ಖಣವನ್ನು ಮೇಲಿಟ್ಟಳು. ನಾಲ್ಕು ಕಾಳು ಠಾಣೆಯ ನೆಲಕ್ಕೆ ಉದುರಿದವು.

"ಸಾಹೇಬ್ರ, ಉದಗೀರಕ್ಕ ಬಸ್ಸು ಎಷ್ಟೊತ್ತಿಗಿ ಅದರಿ?"

"ಮೂರೂವರಿಗಿ," ಎಂದರು ಬಿರಾದಾರ.

"ನಿನ್ನ ಮೌಶಿ ಮನಿಗಿ ಹೋಗು. ಡ್ರಾಯಿಂಗ್ ಕಲಿತಾಕಿ ಅದೀ ಅಲಾ, ಅಲ್ಲಿ ಸಾಲಿ ಬೇಕಾದಷ್ಟು ಅವ, ಕಲಸು. ಇಂವಾ ಬೇಕಂದ್ರ ಅಲ್ಲಿಗಽ ಬರ್ತಾನ." ಗಂಟು ಹಾಕಿದ ಉಡಿಯನ್ನು ಒಮ್ಮೆ ಒತ್ತಿ ನೋಡಿದಳು. "ಹೋಗು. ತಿರುಗಿ ನೋಡಬ್ಯಾಡ."

ಸುವರ್ಣಾ ಅತ್ತೆಯ ಕಾಲು ಮುಟ್ಟಿ, ಠಾಣೆಯ ಮೆಟ್ಟಿಲು ಇಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕಟ್ಟಳೆಯ ಪ್ರಕಾರ ಹಿಂತಿರುಗಿ ನೋಡಲಿಲ್ಲ. ಮಾಣಿಕಮ್ಮ ಕಿಟಕಿಯ ಸರಳು ಹಿಡಿದು, ಅವಳು ಮರೆಯಾಗುವ ತನಕ ನಿಂತಿದ್ದಳು.

ಶುಕ್ರವಾರ ಲಗ್ನ ಆಯಿತು. ಸುಮಂಗಲಾ ಆಮಂತ್ರಣದ ಮೇಲೆ ಹೋಗಿದ್ದಳು. ಬೀರಪ್ಪನ ಮುಂದೆ ವೈಷ್ಣವಿಗೆ ಉಡಿ ತುಂಬಿದರು, ಮೇ ತಿಂಗಳಲ್ಲಿ ಅವಳು ಪರೀಕ್ಷೆಗೆ ಕುಳಿತಳು. ಹಸಿರು ಖಣದ ಸುರುಳಿಗೆ ವಾರಸುದಾರರು ಯಾರೂ ಬಂದಿಲ್ಲ. ಅದು ಉಮರ್ಗಾ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ, ಜಾಳಿಗೆ ಬಾಗಿಲಿನ ಹಿಂದೆ, ಜಪ್ತಿಯಾದ ಮೋಟರ್‌ಸೈಕಲುಗಳ ಮೇಲಿನ ಹಲಗೆಯಲ್ಲಿದೆ. ಬಿರಾದಾರ ಅದನ್ನು ಒಳಗಿಟ್ಟು ಕೀಲಿ ಹಾಕುವ ಮುಂಚೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದರು ಎಂದು ಮಲ್ಲಣ್ಣ ಹೇಳುತ್ತಾನೆ.